ಐದು ಇಂಚಿನ ಮರ ನಾಲ್ಕೂ ಮುಕ್ಕಾಲು ಆಗಿದ್ದು ಹೇಗೆ?

ಪ್ರಶ್ನೆ: ಅರಸೀಕೆರೆ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಮುಂಬಾಗಿಲಿನ ಬಾಗಿಲುವಾಡಕ್ಕೆ ಟಿಂಬರ್ ಡಿಪೋದಿಂದ 5×3 ಇಂಚಿನ ತೇಗ ತಂದೆವು. ಒಟ್ಟು 22 ಅಡಿ ಉದ್ದ, ಬಿಲ್ಲಿನಲ್ಲಿ 2.29 ಸಿಎಫ್‌ಟಿ (ಘನ ಅಡಿ). ಆಚಾರ್ರು ಹತ್ತರಿ ಹೊಡೆದು (ಮೈ ಕೆರೆದು ನುಣುಪು ಮಾಡಿ) ಮುಗಿಸಿದ ಮೇಲೆ ಅಳೆದರೆ 4¾×2¾ ಇದೆ. ಒಳಗಿನ ಅಟ್ಟಕ್ಕೆ ಬೆಂಗಳೂರಿನಿಂದ 8 ಅಡಿ ಉದ್ದದ 40 ಪೈನ್ ಪೀಸು ತರಿಸಿದೆವು. ಕೊಟೇಶನ್‌ನಲ್ಲಿ ‘2×4, ಎಸ್4ಎಸ್, ಕೆಡಿ19’ ಅಂತಿತ್ತು. ಬಂದಿದ್ದು ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ದುಡ್ಡು ಮಾತ್ರ 2×4 ಲೆಕ್ಕದಲ್ಲೇ ತಗೊಂಡಿದ್ದಾರೆ. ಅಮೆರಿಕದಲ್ಲಿರುವ ನನ್ನ ಭಾವಮೈದ ‘ಇಲ್ಲೂ ಹಾಗೇ, ಅದು ಸರಿ’ ಅನ್ನುತ್ತಾನೆ. ಲಂಡನ್ನಿನ ಸ್ನೇಹಿತ ‘ಪಿಎಆರ್ ಅಂತ ಕೇಳಬೇಕಿತ್ತು’ ಅನ್ನುತ್ತಾನೆ. ನಮ್ಮ ಮಾವನವರು ‘ಎರಡೂ ಕಡೆ ಮೋಸ ಹೋಗಿದ್ದೀರಿ’ ಎಂದರು. ಆಚಾರ್ರನ್ನು ಸ್ವಲ್ಪ ಜೋರಾಗೇ ಕೇಳಿಬಿಟ್ಟೆ. ಎರಡು ದಿನದಿಂದ ಅವರು ಕೆಲಸಕ್ಕೆ ಬಂದಿಲ್ಲ. ಇನ್ನು ಒಳಬಾಗಿಲು, ಕಿಟಕಿ ಎಲ್ಲಾ ಬಾಕಿ ಇದೆ. ಮಾವನವರ ತೋಟದಲ್ಲಿ ಮಳೆಗೆ ಬಿದ್ದ ಒಂದು ಹಲಸಿನ ದಿಮ್ಮಿಯೂ ಇದೆ. ಮುಂದಿನ ಮರ ಹೇಗೆ ತರಲಿ? ಈ ಅಕ್ಷರಗಳಿಗೆಲ್ಲ ಅರ್ಥ ಏನು?

ಉತ್ತರ: ಮೊದಲು ಆಚಾರ್ರ ವಿಷಯ ಮಾತಾಡೋಣ, ಯಾಕಂದರೆ ಅದು ತುರ್ತು. ಅವರು ನಿಮ್ಮ ಮರ ಕದ್ದಿಲ್ಲ. 5 ಇಂಚು 4¾ ಆಗಿದೆ, 3 ಇಂಚು 2¾ ಆಗಿದೆ ಅಂದರೆ ಅಗಲದಲ್ಲೂ ದಪ್ಪದಲ್ಲೂ ಕಾಲು ಕಾಲು ಇಂಚು ಹೋಗಿದೆ. ಆಚಾರ್ರ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಕಾಲು ಇಂಚು ಅಂದರೆ ಎರಡು ನೂಲು. ಎದುರುಬದುರು ಎರಡು ಮುಖ ಇರುವುದರಿಂದ ಒಂದೊಂದು ಮುಖದಿಂದ ತೆಗೆದಿದ್ದು ಒಂದೇ ಒಂದು ನೂಲು. ಗರಗಸದಿಂದ ಬಂದ ತೇಗಕ್ಕೆ ನಾಲ್ಕೂ ಕಡೆ ಹತ್ತರಿ ಹೊಡೆದು, ಮೂಲೆಗೆ ಮಟ್ಟ ಇಟ್ಟು ನೇರ ಮಾಡಬೇಕಾದರೆ ಅಷ್ಟು ಹೋಗಲೇಬೇಕು. ಇದಕ್ಕಿಂತ ಕಡಿಮೆಯಲ್ಲಿ ಮುಗಿಸಿದ್ದರೆ ನನಗೇ ಅನುಮಾನ ಬರುತ್ತಿತ್ತು. ಎಲ್ಲೋ ಒಂದು ಕಡೆ ಗರಗಸದ ಗೆರೆ ಹಾಗೇ ಉಳಿದಿರುತ್ತಿತ್ತು.

ನಂಬಿಕೆ ಬರದಿದ್ದರೆ ಡಿಪೋದಲ್ಲಿ ಇನ್ನೂ ಹತ್ತರಿ ಕಾಣದ ಒಂದು ತೇಗದ ತುಂಡಿನ ಮೇಲೆ ಉಗುರು ಆಡಿಸಿ ನೋಡಿ. ಗರಗಸದ ಹಲ್ಲು ಹೋದ ದಾರಿಯೆಲ್ಲ ಏಣು ಏಣಾಗಿ ಸಿಗುತ್ತದೆ. ಆಚಾರ್ರು ಹತ್ತರಿ ತಳ್ಳಿದಾಗ ಮೊದಲ ಎರಡು ಮೂರು ಸಲ ಬರುವುದು ಪುಡಿ ಮತ್ತು ಹರುಕು ಚೂರು. ಆ ಏಣುಗಳು ಹಾರುತ್ತಿವೆ ಅಷ್ಟೇ. ಏಣು ಮುಗಿದು ಹತ್ತರಿ ಪೂರ್ತಿ ಮರದ ಮೇಲೆ ಕೂತಾಗ ಶಬ್ದವೇ ಬದಲಾಗುತ್ತದೆ. ಕರಕರ ಅನ್ನುವುದು ಹೋಗಿ ಸುಯ್ಯ್ ಅನ್ನುತ್ತದೆ. ಆಗ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಸುರುಳಿ ಎದ್ದು ಬರುತ್ತದೆ, ತೇಗದ ಆ ಚರ್ಮದಂಥ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿಗೆ ಒಂದು ನೂಲು ಹೋಗಿರುತ್ತದೆ. ನಿಮ್ಮ ಕಾಲು ಇಂಚು ಅವರ ಮನೆಗೆ ಹೋಗಿಲ್ಲ. ನಿಮ್ಮ ಸೈಟಿನ ನೆಲದ ಮೇಲೇ ಬಿದ್ದಿತ್ತು, ಬಹುಶಃ ಯಾರೋ ಗುಡಿಸಿ ಒಲೆಗೆ ಹಾಕಿದರು. ಇವತ್ತೇ ಅವರಿಗೆ ಒಂದು ಫೋನ್ ಮಾಡಿ.

ಈಗ ದುಡ್ಡಿನ ಲೆಕ್ಕ. 5×3, ಉದ್ದ 22 ಅಡಿ. ಐದು ಮೂರಲೆ ಹದಿನೈದು, ಅದನ್ನು 22ರಿಂದ ಗುಣಿಸಿ 144ರಿಂದ ಭಾಗಿಸಿದರೆ 2.29. ಡಿಪೋದವರ ಬಿಲ್ಲು ಸರಿಯಾಗೇ ಇದೆ. ಹತ್ತರಿ ಹೊಡೆದ ಮೇಲೆ ಅದೇ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2 ಸಿಎಫ್‌ಟಿ ಬರುತ್ತದೆ. ಅಂದರೆ ನೂರಕ್ಕೆ 13ರಷ್ಟು ಮರ ಸಿಪ್ಪೆಯಾಗಿ ಹೋಯಿತು. ಲೆಕ್ಕಕ್ಕೆ ಸುಮ್ನೆ ಸಿಎಫ್‌ಟಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ, ಸಿಪ್ಪೆಯ ಬೆಲೆಯೇ ಸುಮಾರು 1,180 ರೂಪಾಯಿ. ಹೊಟ್ಟೆ ಉರಿಯುವುದು ಸಹಜ. ಆದರೆ ಇದು ಮೋಸವಲ್ಲ, ಖರ್ಚು. ಇದನ್ನು ಮೊದಲೇ ಯಾರೂ ನಿಮಗೆ ಹೇಳಲಿಲ್ಲ ಅನ್ನುವುದೇ ಇಲ್ಲಿನ ತಪ್ಪು.

ಗೊಂದಲದ ಬೇರು ಎಲ್ಲಿದೆ ಗೊತ್ತಾ? ಮರದ ವ್ಯಾಪಾರದಲ್ಲಿ ಸಿಎಫ್‌ಟಿಗೆ ಬಳಸುವ ‘ಅಡಿ’ ಅನ್ನುವ ಒಂದೇ ಮಾತಿಗೆ ಮೂರು ಅರ್ಥ ಇದೆ. ದಿಮ್ಮಿಯ ಅಡಿ, ಗರಗಸದ ಅಡಿ, ಹತ್ತರಿಯ ಅಡಿ. ಒಂದೇ ಮರ ಈ ಮೂರು ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಸಣ್ಣದಾಗುತ್ತದೆ, ಬೆಲೆ ಮಾತ್ರ ಏರುತ್ತದೆ. ನೀವು ಕೇಳಿದ ಪಿಎಆರ್, ಎಸ್4ಎಸ್ ಎಲ್ಲವೂ ಈ ಮೆಟ್ಟಿಲುಗಳ ಮೇಲೆ ಬರೆದ ಗುರುತು. ಆದ್ದರಿಂದ ಡಿಪೋದಲ್ಲಿ ಬೆಲೆ ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಅಳತೆ ಗರಗಸದ್ದಾ, ಹತ್ತರಿಯದ್ದಾ?’

ಅಕ್ಷರಗಳಿಗೆ ಬರೋಣ. ಇವು ಎರಡು ದೇಶದಿಂದ ಬಂದ ಎರಡು ರೂಢಿ. ಎಸ್ ಅಕ್ಷರದ ಗುಂಪು ಅಮೆರಿಕ, ಕೆನಡಾದ್ದು. ಎಸ್4ಎಸ್ ಅಂದರೆ ಸರ್ಫೇಸ್ಡ್ ಫೋರ್ ಸೈಡ್ಸ್, ನಾಲ್ಕೂ ಕಡೆ ಹತ್ತರಿ ಆಗಿದೆ. ಎಸ್2ಎಸ್ ಅಂದರೆ ಅಗಲದ ಎರಡು ಮುಖ ಮಾತ್ರ ನುಣುಪು, ಅಂಚು ಗರಗಸದಿಂದ ಬಂದ ಹಾಗೇ ಇರುತ್ತದೆ. ಎಸ್1ಎಸ್1ಇ ಅಂದರೆ ಒಂದು ಮುಖ, ಒಂದು ಅಂಚು. ಆರ್‌ಜಿಎಚ್ ಅಂತ ಕಂಡರೆ ಅದು ರಫ್, ಅಂದರೆ ಹತ್ತರಿ ಕಂಡಿಲ್ಲ. ಪಿಎಆರ್ ಬ್ರಿಟನ್ನಿನ ಮಾತು, ಪ್ಲೇನ್ಡ್ ಆಲ್ ರೌಂಡ್. ಪಿಎಸ್‌ಇ ಅಂತಲೂ ಅಲ್ಲಿ ಬರೆಯುತ್ತಾರೆ, ಪ್ಲೇನ್ಡ್ ಸ್ಕ್ವೇರ್ ಎಡ್ಜ್. ಅದರಲ್ಲಿ ಅಂಚಿನ ಮೂಲೆ ಚೌಕವಾಗಿದೆ ಅನ್ನುವ ಮಾತು ಸೇರಿದೆ. ಕೊಳ್ಳುವವರ ಮಟ್ಟಿಗೆ ಪಿಎಆರ್, ಎಸ್4ಎಸ್ ಎರಡೂ ಒಂದೇ. ಹಾಗಾಗಿ ಲಂಡನ್ನಿನ ಸ್ನೇಹಿತರ ಸಲಹೆಯಿಂದ ನಿಮಗೆ ಅರ್ಧ ಇಂಚೂ ಜಾಸ್ತಿ ಬರುತ್ತಿರಲಿಲ್ಲ. ಅಲ್ಲಿಯೂ 100×50 ಮಿಲಿಮೀಟರಿನ ಪಿಎಆರ್ ಕೇಳಿದರೆ ಕೈಗೆ ಬರುವುದು ಸುಮಾರು 95×45. ಆದರೆ ಬ್ರಿಟನ್ನಿನವರಲ್ಲಿ ಒಂದು ಒಳ್ಳೆ ರೂಢಿ ಇದೆ. ಅಳತೆಯ ಮುಂದೆ ‘ಎಕ್ಸ್’ (ex) ಅಂತ ಸೇರಿಸುತ್ತಾರೆ. ‘ಎಕ್ಸ್ 100×50’ ಅಂದರೆ ನೂರು ಐವತ್ತರ ತುಂಡಿನಿಂದ ತೆಗೆದದ್ದು ಅಂತ ಅರ್ಥ. ಆ ಎರಡಕ್ಷರ ಕಂಡ ಕೂಡಲೇ ಟೇಪಿಗೆ ಸಿಗುವುದು ಕಡಿಮೆ ಅಂತ ತಿಳಿದುಕೊಳ್ಳಬೇಕು. ನಮ್ಮ ಡಿಪೋಗಳ ಬಿಲ್ಲಿನಲ್ಲೂ ಇಂಥದೊಂದು ಗುರುತು ಬಂದರೆ ಎಷ್ಟೋ ಜಗಳ ತಪ್ಪುತ್ತದೆ.

ನಿಮ್ಮ ಪೈನ್ ಕಥೆ ಸ್ವಲ್ಪ ಬೇರೆ, ಇಲ್ಲಿ ನಿಲ್ಲಬೇಕು. ಅಮೆರಿಕದಲ್ಲಿ 2×4 ಅನ್ನುವುದು ಹೆಸರು, ಅಳತೆಯಲ್ಲ. ಹಸಿ ಮರವನ್ನು ಹೆಚ್ಚುಕಮ್ಮಿ ಆ ಗಾತ್ರಕ್ಕೆ ಕೊಯ್ದು, ಒಣಗಿಸಿ, ಹತ್ತರಿ ಹೊಡೆದಾಗ ಉಳಿಯಬೇಕಾದ್ದು 1½×3½ ಅಂತ ಅಲ್ಲಿ ಮಾನದಂಡವೇ ಇದೆ. ಎಷ್ಟೋ ವರ್ಷ ವಾದವಿವಾದ ನಡೆದು, 1970ರಲ್ಲಿ ಬಂದ ಪಿಎಸ್ 20 ಅನ್ನುವ ಮಾನದಂಡದಲ್ಲಿ ಈ ಅಳತೆ ಗಟ್ಟಿಯಾಯಿತು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಅಂಶ ಇದೆ. ಹಸಿಯಿದ್ದಾಗಲೇ ಹತ್ತರಿ ಹೊಡೆದರೆ 2×4 ಪೀಸು 1 9⁄16 × 3 9⁄16 ಇಂಚು ಇರಬೇಕು. ಒಣಗಿಸಿ ಹೊಡೆದರೆ 1½×3½ ಸಾಕು. ಆ ಹದಿನಾರನೇ ಒಂದು ಇಂಚು, ನಮ್ಮ ಲೆಕ್ಕದ ಅರ್ಧ ನೂಲು, ಮರ ಮುಂದೆ ಕುಗ್ಗುತ್ತದೆ ಅಂತ ಮೊದಲೇ ಬಿಟ್ಟ ಜಾಗ. ನಿಮ್ಮ ಭಾವಮೈದ ಹೇಳಿದ್ದು ಅಲ್ಲಿಯ ಮಟ್ಟಿಗೆ ನೂರಕ್ಕೆ ನೂರು ಸರಿ. ಬೆಲೆ ಹೇಳುವವರಿಗೂ ಕೊಳ್ಳುವವರಿಗೂ ಇಬ್ಬರಿಗೂ ಅದು ಗೊತ್ತು, ಬೆಲೆಯೂ ಅದಕ್ಕೆ ತಕ್ಕ ಹಾಗೆ ಇರುತ್ತದೆ.

ಆದರೆ ನಿಮಗೆ ಗೊತ್ತಿರಲಿಲ್ಲ, ಅಲ್ವಾ? ಅಲ್ಲೇ ಬಂತು ತೊಂದರೆ. ನಿಮ್ಮ 40 ಪೀಸನ್ನು 2×4 ಅಂತ ಲೆಕ್ಕ ಹಾಕಿದರೆ 17.78 ಸಿಎಫ್‌ಟಿ. ಟೇಪಿನ ಅಳತೆಯಲ್ಲಿ 11.67. ಸುಮಾರು 6 ಅಡಿ ವ್ಯತ್ಯಾಸ, ಮೂರನೇ ಒಂದು ಭಾಗ. ತೇಗದಲ್ಲಿ ಹೋಗಿದ್ದು ನೂರಕ್ಕೆ 13, ಇಲ್ಲಿ 34. ಬೆಲೆ ಅಡಿಗೆ 1,500 ಅಂತ ಹೇಳಿದ್ದರೆ, ನಿಜವಾಗಿ ಕೈಗೆ ಬಂದ ಮರಕ್ಕೆ ನೀವು ಕೊಟ್ಟಿದ್ದು ಅಡಿಗೆ 2,285. ಹೆಸರಿನ ಅಳತೆಗೆ ಬಿಲ್ಲು ಮಾಡುವುದು ಆ ವ್ಯಾಪಾರದಲ್ಲಿ ಇರುವ ರೂಢಿಯೇ. ಆದರೆ ನಮ್ಮಲ್ಲಿ ಸಿಎಫ್‌ಟಿ ಅಂದರೆ ಜನ ಟೇಪು ಹಿಡಿದು ಲೆಕ್ಕ ಹಾಕುತ್ತಾರೆ. ಅಂಥ ಕಡೆ ಹೆಸರಿನ ಅಳತೆಗೆ ಸಿಎಫ್‌ಟಿ ಬಿಲ್ಲು ಮಾಡಿ ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ. ಮಾರಿದವರ ಹತ್ತಿರ ಹೋಗಿ ಕೇಳಿ. ‘ಮೋಸ’ ಅಂತ ಶುರು ಮಾಡಬೇಡಿ. ‘ನೀವು ಹೇಳಿದ ದರ ಹೆಸರಿನ ಅಳತೆಗಾ, ನಿಜ ಅಳತೆಗಾ? ಕೊಟೇಶನ್‌ನಲ್ಲಿ ಎಲ್ಲಿ ಬರೆದಿದೆ?’ ಅಂತ ಕೇಳಿ. ಕೊಟೇಶನ್‌ನಲ್ಲಿ 1½×3½ ಅಥವಾ 38×89 ಮಿಲಿಮೀಟರ್ ಅಂತ ಎಲ್ಲಾದರೂ ಇದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ. ಎಲ್ಲೂ ಇಲ್ಲದಿದ್ದರೆ ಚೌಕಾಸಿಗೆ ನಿಮಗೆ ದಾರಿ ಇದೆ. ಮುಂದಿನ ಸಲ ಇಂಥ ಪೈನನ್ನು ಸಿಎಫ್‌ಟಿ ಲೆಕ್ಕದಲ್ಲಿ ಕೊಳ್ಳಲೇ ಬೇಡಿ. ಪೀಸಿಗೆ ಎಷ್ಟು ಅಂತ ಕೇಳಿ, ಇಲ್ಲವೇ ರನ್ನಿಂಗ್ ಫೀಟಿಗೆ ಎಷ್ಟು ಅಂತ ಕೇಳಿ. ಪೀಸು ಕೈಯಲ್ಲಿ ಹಿಡಿದು ಬೆಲೆ ಹೋಲಿಸಿದರೆ ಹೆಸರಿನ ಗೊಂದಲ ಇರುವುದಿಲ್ಲ.

ಒಂದು ವಿಷಯ ಸಮಾಧಾನ ಕೊಡಬಹುದು. ಒಳಗಿನ ಅಟ್ಟಕ್ಕೆ 1½×3½ ಪೀಸು ಏನೂ ದುರ್ಬಲವಲ್ಲ, ಅಮೆರಿಕದಲ್ಲಿ ಮನೆಯ ಗೋಡೆಗಳೇ ಅದರ ಮೇಲೆ ನಿಂತಿವೆ. ಆದರೆ ಅಟ್ಟದ ಪೀಸು ಅಡ್ಡ ಮಲಗಿ ಭಾರ ಹೊರುತ್ತದೆ. 2×4 ಅಂತ ಅಂದಾಜು ಹಾಕಿ ಪೀಸಿನ ಮಧ್ಯೆ ಅಂತರ ಗುರುತು ಮಾಡಿದ್ದರೆ ಆ ಅಂತರ ಕಡಿಮೆ ಮಾಡಿ, ಪೀಸನ್ನು ಚಪ್ಪಟೆ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕೂರಿಸಿ. ಭಾರದ ಸಾಮಾನು ಇಡುವುದಾದರೆ ಎಂಜಿನಿಯರಿಗೆ ನಿಜ ಅಳತೆ ಹೇಳಿ ಒಮ್ಮೆ ಕೇಳಿ.

ಇನ್ನು ‘ಕೆಡಿ19’. ಕೆಡಿ ಅಂದರೆ ಕಿಲ್ನ್ ಡ್ರೈಡ್, ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿದ್ದು. 19 ಅಂದರೆ ಮರದಲ್ಲಿ ಉಳಿದ ನೀರಿನ ಅಂಶ ನೂರಕ್ಕೆ 19 ಮೀರಿಲ್ಲ ಅಂತ. ಜನ ಇದನ್ನು ‘ಪೂರ್ತಿ ಒಣಗಿದೆ’ ಅಂತ ಓದುತ್ತಾರೆ. ಅದು ತಪ್ಪು. ನಿಮ್ಮ ಅರಸೀಕೆರೆ ಕಡೆ ಮನೆಯೊಳಗಿನ ಮರ ಕೊನೆಗೆ ನಿಲ್ಲುವುದು 12ರ ಆಸುಪಾಸು, ಬೇಸಿಗೆಯಲ್ಲಿ ಇನ್ನೂ ಕೆಳಗೆ. ಹಾಗಾಗಿ 19ರಲ್ಲಿ ಬಂದ ಪೈನ್ ನಿಮ್ಮ ಮನೆಯೊಳಗೆ ಇನ್ನೂ ಒಣಗುತ್ತದೆ, ಇನ್ನೂ ಕುಗ್ಗುತ್ತದೆ. ಮಂಗಳೂರಿನಲ್ಲಿ ಆಗಿದ್ದರೆ 15ರ ಹತ್ತಿರ ನಿಲ್ಲುತ್ತಿತ್ತು, ಕುಗ್ಗುವುದೂ ಕಡಿಮೆ. ಮಧ್ಯೆ ಗಾಳಿ ಆಡುವ ಹಾಗೆ ರೀಪು ತುಂಡು ಇಟ್ಟು, ನೆರಳಿನಲ್ಲಿ ಮೂರ್ನಾಲ್ಕು ವಾರ ಪೇರಿಸಿಡಿ. ಆಮೇಲೆ ಅಟ್ಟಕ್ಕೆ ಹೊಡೆಯಿರಿ.

ಕೆಲವು ಪೈನ್ ತುಂಡಿನ ಮೇಲೆ ‘ಎಚ್‌ಟಿ’ ಅಂತ ಮುದ್ರೆ ಇರುತ್ತದೆ. ಹೀಟ್ ಟ್ರೀಟೆಡ್ ಅಂತ. ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಕನಿಷ್ಠ 30 ನಿಮಿಷ ಕಂಡಿದೆ, ಹುಳು ಸತ್ತಿದೆ ಅನ್ನುವುದಕ್ಕೆ ಅದು ಗುರುತು. ಒಂದು ದೇಶದ ಹುಳು ಇನ್ನೊಂದು ದೇಶಕ್ಕೆ ಹೋಗದಿರಲಿ ಅಂತ ಮಾಡಿದ ನಿಯಮ. ಒಣಗಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಚ್‌ಟಿ ಮುದ್ರೆ ಇರುವ ಮರ ಹಸಿಯಾಗೂ ಇರಬಹುದು. ‘ಸಾರ್, ಎಚ್‌ಟಿ ಇದೆ, ಸೀಸನ್ಡ್ ಮಾಲು’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಂದೆ ಗೆದ್ದಲು ಬರುವುದಿಲ್ಲ ಅನ್ನುವ ಭರವಸೆಯೂ ಅದರಲ್ಲಿ ಇಲ್ಲ.

ಉಳಿದ ಅಕ್ಷರ ಬೇಗ ಹೇಳಿಬಿಡುತ್ತೇನೆ. ಎಸ್‌ಪಿಎಫ್ ಅಂದರೆ ಸ್ಪ್ರೂಸ್, ಪೈನ್, ಫರ್ ಮೂರೂ ಬೆರೆತ ಕಟ್ಟು. ಟಿ ಅಂಡ್ ಜಿ ಅಂದರೆ ಒಂದು ಹಲಗೆಯ ನಾಲಿಗೆ ಪಕ್ಕದ ಹಲಗೆಯ ತೋಡಿನೊಳಗೆ ಕೂರುವ ಜೋಡಣೆ. ಇಂಥ ಹಲಗೆ ಕೊಳ್ಳುವಾಗ ನಾಲಿಗೆ ಬಿಟ್ಟು ಕಣ್ಣಿಗೆ ಕಾಣುವ ಅಗಲಕ್ಕೆ ಲೆಕ್ಕ ಹಾಕಿ. ಓಕ್, ಬೀಚ್ ಥರದ ಹೊರದೇಶದ ಗಟ್ಟಿ ಮರದಲ್ಲಿ 4/4, 8/4 ಅಂತ ಬರೆದಿರುತ್ತಾರೆ. ಅದು ಕಾಲು ಇಂಚಿನ ಎಣಿಕೆ. ನಾಲ್ಕು ಕಾಲು ಅಂದರೆ ಒಂದು ಇಂಚು, ಅದೂ ಹತ್ತರಿಗೆ ಮುಂಚೆ. ಎರಡು ಮುಖ ಹತ್ತರಿ ಆದರೆ 4/4 ಹಲಗೆ 13⁄16 ಇಂಚಿಗೆ ಇಳಿಯುತ್ತದೆ. ಬೋರ್ಡ್ ಫೂಟ್ ಅಂತ ಕಂಡರೆ ಹನ್ನೆರಡು ಬೋರ್ಡ್ ಫೂಟಿಗೆ ಒಂದು ಸಿಎಫ್‌ಟಿ. ಘನ ಮೀಟರ್ ಅಂತ ಇದ್ದರೆ ಒಂದಕ್ಕೆ 35.3 ಸಿಎಫ್‌ಟಿ.

ಈ ಅಕ್ಷರಗಳು ಹೇಳದ ಒಂದು ಸಂಗತಿ ಇದೆ. ನನ್ನ ಪ್ರಕಾರ ನಿಮಗೆ ನಿಜವಾಗಿ ನಷ್ಟ ಮಾಡುವುದು ಅದೇ. ಎಸ್4ಎಸ್ ಅಂದರೆ ನುಣುಪು ಅಷ್ಟೇ. ನೇರ ಅಂತ ಅಲ್ಲ, ಒಳ್ಳೆ ದರ್ಜೆ ಅಂತಲೂ ಅಲ್ಲ, ಒಣಗಿದೆ ಅಂತ ಮೊದಲೇ ಅಲ್ಲ.

ನಾನು ಜಾಯಿನರಿ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕಡೆಯಿಂದ ನಾಲ್ಕೂ ಮುಖ ಹತ್ತರಿಯಾದ ಹೊನ್ನೆ ತರಿಸಿದ್ದೆ. ಕನ್ನಡಿಯ ಹಾಗಿತ್ತು. ಐದು ಬಾಗಿಲು ಮಾಡಿ ಕೂರಿಸಿದೆ. ಮೊದಲ ಬೇಸಿಗೆಗೇ ಮೂರು ಬಾಗಿಲು ತಿರುಚಿಕೊಂಡವು. ಮೇಲಿನ ಮೂಲೆ ಕೂತರೆ ಕೆಳಗಿನ ಮೂಲೆ ಬೆರಳು ತೂರುವಷ್ಟು ಎದ್ದಿರುತ್ತಿತ್ತು. ಆ ಮನೆಯ ಅಮ್ಮ ಪ್ರತಿ ಸಲ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಚಿಲಕ ಹಾಕುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಮೂರನ್ನೂ ಬದಲಾಯಿಸಿ ಕೊಟ್ಟೆ. ಆಮೇಲೆ ತಿಳಿಯಿತು. ಥಿಕ್‌ನೆಸ್ ಮಷಿನ್ನಿಗೆ ಬಾಗಿದ ಹಲಗೆ ತೂರಿಸಿದರೆ ಒಳಗಿನ ರೋಲರ್ ಅದನ್ನು ಒತ್ತಿ ಚಪ್ಪಟೆ ಮಾಡಿ ಹಿಡಿದುಕೊಳ್ಳುತ್ತದೆ. ಬ್ಲೇಡು ಮೇಲ್ಮುಖ ಕೆರೆಯುತ್ತದೆ. ಹೊರಗೆ ಬಂದ ಕೂಡಲೇ ಹಲಗೆ ಮೊದಲಿನ ಹಾಗೇ ಬಾಗಿ ನಿಲ್ಲುತ್ತದೆ. ದಪ್ಪ ಎಲ್ಲ ಕಡೆ ಒಂದೇ, ಮೈ ನುಣುಪು, ಆದರೆ ಬಾಗು ಹಾಗೇ ಇದೆ! ಮೊದಲು ಸರ್ಫೇಸ್ ಪ್ಲೇನರ್ ಮೇಲೆ ಒಂದು ಮುಖ, ಒಂದು ಅಂಚು ನೇರ ಮಾಡಿಕೊಂಡು, ಆಮೇಲೆ ಥಿಕ್‌ನೆಸ್‌ಗೆ ಹಾಕಬೇಕು. ಅವಸರದ ಕಡೆ ಮೊದಲ ಹೆಜ್ಜೆ ಬಿಟ್ಟುಬಿಡುತ್ತಾರೆ. ನನ್ನ ಹೊನ್ನೆ ಅದರ ಮೇಲೆ ಇನ್ನೂ ಹಸಿಯೂ ಆಗಿತ್ತು.

ಹಸಿ ಮರ ಎಷ್ಟು ಕುಗ್ಗುತ್ತದೆ ಅಂತ ತೇಗದಲ್ಲೇ ನೋಡಿ. ಕುಗ್ಗುವುದರಲ್ಲಿ ತೇಗ ತುಂಬಾ ಶಾಂತ ಮರ. ಆದರೂ ಹಸಿಯಿಂದ ನಮ್ಮ ಬಯಲುಸೀಮೆಯ ಒಣಗಿಗೆ ಬರುವಷ್ಟರಲ್ಲಿ, ವರ್ಷದುಂಗುರದ ಸುತ್ತಿನ ದಿಕ್ಕಿನಲ್ಲಿ ಕೊಯ್ದ 5 ಇಂಚಿನ ಅಗಲ ಒಂದು ನೂಲಿಗಿಂತ ಜಾಸ್ತಿ ಕುಗ್ಗುತ್ತದೆ. ನಡುತಿರುಳಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಅದರ ಅರ್ಧದಷ್ಟು. ಉದ್ದದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಒಂದೇ ತುಂಡು ಒಂದೊಂದು ಕಡೆ ಒಂದೊಂದು ಥರ ಕುಗ್ಗುವುದರಿಂದಲೇ ಮರ ತಿರುಚುವುದು, ಬಟ್ಟಲಾಗುವುದು, ಸೀಳುವುದು. ಹಸಿ ಮರಕ್ಕೆ ಹತ್ತರಿ ಹೊಡೆದ ಅಳತೆ ಮುಂದಿನ ಬೇಸಿಗೆಯವರೆಗೂ ನಿಲ್ಲುವುದಿಲ್ಲ. ನಿಮ್ಮ ಬಾಗಿಲುವಾಡದ ಕಾಲು ಇಂಚಿಗಿಂತ ನಾನು ಹೆಚ್ಚು ಚಿಂತೆ ಮಾಡುವುದು ಈ ಕಾಣದ ಒಂದು ನೂಲಿನ ಬಗ್ಗೆ.

ನಿಮ್ಮ ಮುಂದೆ ಈಗ ಮೂರು ದಾರಿ ಇದೆ.

ರಫ್ ಮರ ತಂದು ಆಚಾರ್ರ ಕೈಯಲ್ಲಿ ಹತ್ತರಿ ಹೊಡೆಸುವುದು ಒಂದು, ಈಗ ಮಾಡಿದ ಹಾಗೇ. ಬಾಗಿಲು, ಕಿಟಕಿಗೆ ನಾನು ಇದನ್ನೇ ಹೇಳುತ್ತೇನೆ. ಗರಗಸದ ಮೈ ಏನನ್ನೂ ಮುಚ್ಚಿಡುವುದಿಲ್ಲ. ಗಂಟು, ಬಿರುಕು, ಚೇಗಿನ (ನಡುವಿನ ಗಟ್ಟಿ ಮರದ) ಸುತ್ತಲಿನ ಬಿಳಿ ಭಾಗ ಎಲ್ಲಾ ಕಣ್ಣಿಗೆ ಕಾಣುತ್ತದೆ. ಪೂರ್ತಿ 5×3 ಬೇಕೇ ಬೇಕು ಅಂದರೆ 5¼×3¼ ಕೊಯ್ದು ಕೊಡಿ ಅಂತ ಮೊದಲೇ ಹೇಳಬೇಕು, ಅದಕ್ಕೆ ತಕ್ಕ ದುಡ್ಡೂ ಕೊಡಬೇಕು. ನಿಜ ಹೇಳಬೇಕೆಂದರೆ ಬಾಗಿಲುವಾಡಕ್ಕೆ ಅದು ಬೇಕಿಲ್ಲ. ಅರ್ಧ ಇಂಚು ರಿಬೇಟು (ಕದ ಕೂರುವ ಕಚ್ಚು) ತೆಗೆದು ಕದ ಕೂರಿಸಿ, ಹಿಂಜಿನ ಸ್ಕ್ರೂ ಗಟ್ಟಿಯಾಗಿ ಹಿಡಿಯಲು 4¾×2¾ ಧಾರಾಳ ಸಾಕು. ನೋಡಬೇಕಾದ್ದು ಒಂದೇ, ಸಾರಣೆ ಸೇರಿ ಗೋಡೆಯ ದಪ್ಪಕ್ಕೂ ವಾಡದ ಅಗಲಕ್ಕೂ ಹೇಗೆ ಹೊಂದುತ್ತದೆ ಅಂತ. ಗಾರೆಯವರಿಗೆ ಈಗಲೇ 4¾ ಅಂತ ಹೇಳಿಬಿಡಿ, ಸಾರಣೆಯಲ್ಲಿ ಸರಿ ಮಾಡಿಕೊಳ್ಳುತ್ತಾರೆ. ಈ ದಾರಿಯ ತೊಂದರೆ ಅಂದರೆ ಸಿಪ್ಪೆಯ ನಷ್ಟ ನಿಮ್ಮದು, ಕೂಲಿಯೂ ನಿಮ್ಮದು.

ಎರಡನೆಯದು ನಾಲ್ಕೂ ಮುಖ ಹತ್ತರಿಯಾದ ಮರವನ್ನೇ ಹತ್ತರಿಯ ಅಳತೆಗೆ ಬಿಲ್ಲು ಮಾಡಿಸಿ ತರುವುದು. ಸಿಎಫ್‌ಟಿ ದರ ಜಾಸ್ತಿ ಹೇಳುತ್ತಾರೆ, ಬೆಚ್ಚಬೇಡಿ. ರಫ್ ದರಕ್ಕೆ ನೂರಕ್ಕೆ 13ರಿಂದ 15 ಸೇರಿಸಿ, ಹತ್ತರಿ ಕೂಲಿ ಸೇರಿಸಿ ಹೋಲಿಸಿ. ಹತ್ತಿರ ಬಂದರೆ ನ್ಯಾಯವಾದ ಬೆಲೆ. ಇಲ್ಲಿನ ಅಪಾಯ ನನ್ನ ಹೊನ್ನೆಯ ಕಥೆ. ಆದ್ದರಿಂದ ಪ್ರತಿ ತುಂಡನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಬಾಗು ಕೂಡಲೇ ಕಾಣುತ್ತದೆ. ತಿರುಚು ಕಾಣಬೇಕಾದರೆ ಎರಡು ನೇರ ಕಡ್ಡಿ ತಗೊಂಡು ಹಲಗೆಯ ಎರಡು ತುದಿಯಲ್ಲಿ ಅಡ್ಡಡ್ಡ ಇಡಿ. ಈ ಕಡೆ ಕೂತು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡೂ ಒಂದೇ ಗೆರೆಯಲ್ಲಿ ಕಾಣಬೇಕು. ಒಂದರ ತುದಿ ಎದ್ದಿದ್ದರೆ ಆ ತುಂಡು ಬೇಡ. ತೇವ ನೋಡುವ ಮೀಟರ್ ಡಿಪೋದಲ್ಲಿ ಇದೆಯಾ ಅಂತ ಕೇಳಿ. ಅವರ ಹತ್ತಿರ ಇಲ್ಲದಿದ್ದರೆ ಆಚಾರ್ರೋ ಕಾಂಟ್ರ್ಯಾಕ್ಟರೋ ತರಬಹುದು, ದೊಡ್ಡ ಬೆಲೆಯ ವಸ್ತುವಲ್ಲ. ತುದಿಗೆ ಚುಚ್ಚಬೇಡಿ, ತುದಿ ಯಾವಾಗಲೂ ಬೇಗ ಒಣಗಿರುತ್ತದೆ. ತುದಿಯಿಂದ ಒಂದೆರಡು ಅಡಿ ಒಳಗೆ, ಮಧ್ಯದಲ್ಲಿ ಚುಚ್ಚಿ. ಬಾಗಿಲ ಕದಕ್ಕೆ 12ರ ಹತ್ತಿರ ಇರಲಿ, 16 ದಾಟಿದರೆ ನಾನಂತೂ ತರುವುದಿಲ್ಲ. ಇಷ್ಟು ದುಡ್ಡು ಹಾಕುವಾಗ ಅದು ತೇಗವೇ ಹೌದಾ ಅನ್ನುವ ಅನುಮಾನ ಇದ್ದರೆ, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಜಾತಿ ಗುರುತಿಸಿಕೊಳ್ಳಬಹುದು.

ಮೂರನೆಯದು ಮಾವನವರ ಹಲಸು. ಒಳಬಾಗಿಲಿಗೆ ಚೆಂದದ ಮರ. ಹೊಸದಾಗಿ ಕೊಯ್ದಾಗ ಹಳದಿ ಇರುತ್ತದೆ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅನುಮತಿಯ ವಿಷಯ ಕೇಳಿಕೊಳ್ಳಿ. ಇಲ್ಲಿ ಬರುತ್ತದೆ ನಾನು ಹೇಳಿದ ದಿಮ್ಮಿಯ ಅಡಿ. ದಿಮ್ಮಿಯ ನಡುವಿನ ಸುತ್ತಳತೆ 4 ಅಡಿ, ಉದ್ದ 10 ಅಡಿ ಅಂತ ಇಟ್ಟುಕೊಳ್ಳಿ. ಸುತ್ತಳತೆಯ ಕಾಲು ಭಾಗ ಒಂದು ಅಡಿ. ಒಂದನ್ನು ಒಂದರಿಂದ ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿದರೆ 10 ಸಿಎಫ್‌ಟಿ. 18ನೇ ಶತಮಾನದ ಇಂಗ್ಲೆಂಡಿನ ಎಡ್ವರ್ಡ್ ಹೋಪಸ್ ಹೆಸರಿನಲ್ಲಿ ಬಂದ ಲೆಕ್ಕ ಇದು, ನಮ್ಮಲ್ಲಿ ಇವತ್ತಿಗೂ ದಿಮ್ಮಿಗೆ ಇದೇ ನಡೆಯುತ್ತದೆ. ಗಣಿತದ ಪ್ರಕಾರ ಅದೇ ದಿಮ್ಮಿಯಲ್ಲಿ 12.73 ಅಡಿ ಮರ ಇದೆ. ಕೊಯ್ದಾಗ ತೊಗಟೆ ಕಡೆಯ ಹೊರಪಟ್ಟಿ, ಗರಗಸದ ಪುಡಿ ಹೋಗುತ್ತದಲ್ಲ, ಅದನ್ನು ಮೊದಲೇ ಸ್ವಲ್ಪ ಕಳೆದ ಹಾಗಿದೆ ಈ ಲೆಕ್ಕ. ಆದರೂ 10 ಸಿಎಫ್‌ಟಿ ದಿಮ್ಮಿಗೆ 10 ಸಿಎಫ್‌ಟಿ ಹಲಗೆ ಬರುವುದಿಲ್ಲ. ನಾನು ಕಂಡ ಹಾಗೆ ಐದೂವರೆ, ಆರು ಅಡಿ ಬಂದರೆ ಒಳ್ಳೆ ಕೊಯ್ಲು. ಸಾ ಮಿಲ್ಲಿನವರ ಮೇಲೆ ಜಗಳಕ್ಕೆ ಹೋಗಬೇಡಿ ಅಂತ ಮೊದಲೇ ಹೇಳುತ್ತಿದ್ದೇನೆ.

ಹಲಸಿನ ನಿಜವಾದ ಬೆಲೆ ಸಮಯ. ನಿಮಗೆ ಬೇಕಾದ ಅಳತೆಗಿಂತ ಎರಡು ಮೂರು ನೂಲು ಜಾಸ್ತಿ ಇಟ್ಟು ಕೊಯ್ಯಿಸಿ. ಕೊಯ್ದ ದಿನವೇ ಹಲಗೆಯ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳಿಯಿರಿ, ಇಲ್ಲವೆಂದರೆ ತುದಿ ಮೊದಲು ಒಣಗಿ ಸೀಳುತ್ತದೆ. ನೆಲದಿಂದ ಒಂದು ಅಡಿ ಮೇಲೆ, ರೀಪು ತುಂಡುಗಳನ್ನು ಒಂದರ ಮೇಲೊಂದು ನೇರ ಬರುವ ಹಾಗೆ ಇಟ್ಟು, ನೆರಳಿನಲ್ಲಿ ಪೇರಿಸಿ. ಒಂದು ಇಂಚಿನ ಹಲಗೆ ನಿಮ್ಮ ಕಡೆಯ ಗಾಳಿಗೆ ಮಳೆಗಾಲ ಬಿಟ್ಟು ಮೂರ್ನಾಲ್ಕು ತಿಂಗಳು ತಗೊಳ್ಳುತ್ತದೆ. ವಾಡಕ್ಕೆ ಬೇಕಾದ 3 ಇಂಚಿನ ತೊಲೆಗೆ ವರ್ಷವೂ ಸಾಲದು. ಗೃಹಪ್ರವೇಶದ ದಿನ ಗೊತ್ತಾಗಿದ್ದರೆ ವಾಡಕ್ಕೆ ಹಲಸು ಬೇಡ, ಕದದ ಹಲಗೆಗೆ ಮಾತ್ರ ಇಟ್ಟುಕೊಳ್ಳಿ. ಕಿಲ್ನ್ ಇರುವ ಕಡೆ ಕೊಟ್ಟು ಒಣಗಿಸಿದರೆ ಬೇಗ ಆಗುತ್ತದೆ. ಖರ್ಚು, ಸಾಗಾಟ ನೋಡಿಕೊಳ್ಳಿ.

ಬಿಲ್ಲಿನ ಮೇಲೆ ಮುಂದಿನ ಸಲ ನಾಲ್ಕು ಮಾತು ಬರೆಸಿಕೊಳ್ಳಿ: ಮರದ ಹೆಸರು, ರಫ್ ಅಥವಾ ನಾಲ್ಕೂ ಮುಖ ಹತ್ತರಿ, ಟೇಪಿಗೆ ಸಿಗುವ ಅಳತೆ, ತೇವ ಎಷ್ಟು. ಬರೆಯಲು ಒಪ್ಪದವರ ಹತ್ತಿರ ಬೆಲೆ ಕಡಿಮೆ ಇದ್ದರೂ ನಾನು ಕೊಳ್ಳುವುದಿಲ್ಲ.

ಆಚಾರ್ರು ವಾಪಸ್ ಬಂದ ಮೇಲೆ ಅವರ ಜೊತೆ ಕೂತು ಕಿಟಕಿ, ಒಳಬಾಗಿಲಿನ ಪಟ್ಟಿ ಮಾಡಿ. ಹತ್ತರಿ ಆದ ಮೇಲೆ ಎಷ್ಟು ಉಳಿಯಬೇಕು ಅಂತ ಅವರನ್ನೇ ಕೇಳಿ, ಅದಕ್ಕೆ ಎರಡು ನೂಲು ಸೇರಿಸಿ ಡಿಪೋಗೆ ಅಳತೆ ಕೊಡಿ. ಆಗಿರುವ ತೇಗದ ವಾಡದಲ್ಲಿ ಗೋಡೆಗೆ ತಾಗುವ ಬೆನ್ನಿಗೆ ಪ್ರೈಮರ್ ಬಳಿಸಿದ್ದೀರಾ ನೋಡಿ, ಇಲ್ಲದಿದ್ದರೆ ಕೂರಿಸುವ ಮುಂಚೆ ಎರಡು ಕೋಟ್ ಬಳಿಸಿ. ಕದದ ಹಲಗೆಯನ್ನು ಮಾತ್ರ ಈಗಲೇ ಮನೆಯೊಳಗೆ ತರಬೇಡಿ. ಹಸಿ ಸಾರಣೆಯ ಮನೆಯಲ್ಲಿ 12ಕ್ಕೆ ಒಣಗಿದ ಮರವೂ ನೀರು ಕುಡಿದು ಉಬ್ಬುತ್ತದೆ. ಸಾರಣೆ ಮುಗಿದು, ಕ್ಯೂರಿಂಗ್ ನಿಲ್ಲಿಸಿ, ಗೋಡೆ ಬಿಳಿಚಿಕೊಂಡ ಮೇಲೆ ತನ್ನಿ.